ಮದುವೆಯ ಖರ್ಚು: ಮೊದಲು ಎಲೆ ಎಣಿಸಿ

ನಮ್ಮ ಸಂಘದ ಮನೆಗಳಲ್ಲಿ ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಯುಗಾದಿಯ ಕಾರ್ಯಕ್ರಮಗಳಲ್ಲಿ ಕೋಲಾಟವಾಡುತ್ತಿದ್ದ ಹುಡುಗಿಯರು ಈಗ ನೌಕರಿಯಲ್ಲಿದ್ದಾರೆ. ಬಾಡ್‌ಹೂವೆಡಾರ್ಪ್, ಹೋಫ್ಡಾರ್ಪ್, ಆಮ್ಸ್ಟಲ್‌ವೇನ್ ಕಡೆ ನಾಲ್ಕು ಜನ ಸೇರಿದ ಕಡೆ ಮಾತು ಮದುವೆಯ ಕಡೆಗೆ ತಿರುಗಿತೆಂದರೆ ಮೊದಲು ಏಳುವ ಪ್ರಶ್ನೆ, "ಅಲ್ಲಿ ಮಾಡುವುದೋ, ಇಲ್ಲಿ ಮಾಡುವುದೋ?" ಎಂಬುದು. ಎರಡನೆಯದು, "ಎಷ್ಟಾದೀತು?" ಈ ಎರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂಬುದು ನಮ್ಮ ಅಭಿಪ್ರಾಯ. ಅದೆಂದರೆ, ಎಷ್ಟು ಎಲೆ?

ಊರಿನಲ್ಲಿ ಅಡಿಗೆಯ ಗುತ್ತಿಗೆದಾರರು ಲೆಕ್ಕ ಹಾಕುವುದೇ ಎಲೆಯ ಮೇಲೆ. ಇಷ್ಟು ಎಲೆಗೆ ಕಡಿಮೆಯಿಲ್ಲ ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ಜನ ಬರಲಿ ಬಿಡಲಿ, ಅಷ್ಟು ಎಲೆಯ ಹಣ ಕೊಡಲೇಬೇಕು. ಹಾಗೆಂದು ಮದುವೆಗೆ ಊಟ ಒಂದೇ ಅಲ್ಲ. ಹಿಂದಿನ ದಿನ ವರಪೂಜೆಯ ರಾತ್ರಿಯೂಟ, ಬೆಳಗಿನ ತಿಂಡಿ, ಮುಹೂರ್ತದ ಊಟ, ಸಂಜೆಯ ಆರತಕ್ಷತೆ, ಆಮೇಲೆ ಬೀಗರೂಟ. ಛತ್ರ ದೊಡ್ಡದಾಗುವುದು, ತಾಂಬೂಲದ ಚೀಲ ಹೆಚ್ಚುವುದು, ಬಸ್ಸಿನ ಬಾಡಿಗೆ, ಕೊಠಡಿಗಳ ಬಾಡಿಗೆ ಏರುವುದು, ಎಲ್ಲವೂ ಬರುವ ಜನದ ಸಂಖ್ಯೆಯ ಬಾಲ ಹಿಡಿದೇ ಹೋಗುತ್ತವೆ. ಎಲೆಯೊಂದಕ್ಕೆ 500 ರೂಪಾಯಿ ಎಂದೇ ಇಟ್ಟುಕೊಳ್ಳಿ. "ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎಂದು ಕೊನೆಗೆ ಸೇರಿಸಿದ ನೂರು ಲಗ್ನಪತ್ರಿಕೆಗಳಿಂದ ಮುನ್ನೂರು ಜನ ಬಂದರೆ ಮುಹೂರ್ತದ ಊಟಕ್ಕೆ ಒಂದೂವರೆ ಲಕ್ಷ, ಆರತಕ್ಷತೆಗೆ ಮತ್ತೆ ಒಂದೂವರೆ ಲಕ್ಷ. ಹೂವಿನ ಅಲಂಕಾರದವನ ಹತ್ತಿರ ಅರ್ಧ ದಿನ ಚೌಕಾಸಿ ಮಾಡಿ ಉಳಿಸುವುದು ಇಪ್ಪತ್ತು ಸಾವಿರ. ಹಣ ಸೋರುವ ತೂತು ಒಂದು ಕಡೆ, ನಾವು ಬೆರಳಿಟ್ಟು ಹಿಡಿಯುವುದು ಇನ್ನೊಂದು ಕಡೆ.

ಹೊರನಾಡಿನವರಿಗೆ ಇನ್ನೊಂದು ಮಾಯೆಯಿದೆ. 2025ರಲ್ಲಿ ಯೂರೊ ನೂರು ರೂಪಾಯಿ ದಾಟಿತು. ಯಾವ ಖರ್ಚು ಬಂದರೂ ಮನಸ್ಸಿನಲ್ಲೇ ನೂರರಿಂದ ಭಾಗಿಸಿ, "ಅಷ್ಟೇನಾ?" ಎನ್ನುತ್ತೇವೆ. ವಾದ್ಯದವರು ಅಷ್ಟೇ, ಚಪ್ಪರ ಅಷ್ಟೇ, ಸೀರೆಗಳು ಅಷ್ಟೇ. ಇಂಥ ಐವತ್ತು "ಅಷ್ಟೇ"ಗಳನ್ನು ಕೂಡಿಸಿದಾಗ ಬರುವ ಮೊತ್ತ ಸಣ್ಣದಲ್ಲ. ಆದ್ದರಿಂದ ಲೆಕ್ಕವನ್ನು ಒಂದೇ ನಾಣ್ಯದಲ್ಲಿ ಬರೆಯಬೇಕು. ಸಂಬಳ ಯಾವುದರಲ್ಲಿ ಬರುತ್ತದೋ ಅದರಲ್ಲೇ ಬರೆದರೆ ಒಳ್ಳೆಯದು. ಚಿನ್ನವನ್ನಂತೂ ಬೇರೆ ಪುಟದಲ್ಲಿ ಬರೆಯಿರಿ. ಪೇಟೆಯ ದರದ ಮೇಲೆ ಮಜೂರಿ, ವೇಸ್ಟೇಜು, 2017ರಿಂದ ಶೇಕಡಾ 3ರ ಜಿ.ಎಸ್.ಟಿ. ಸೇರುತ್ತವೆ. ಊರಿನಲ್ಲಿ ಹೊಸದಾಗಿ ಕೊಂಡ ಒಡವೆಯನ್ನು ಸ್ಕಿಪೋಲ್ ಮೂಲಕ ತರುವಾಗ ವಿಮಾನದ ಪ್ರಯಾಣಿಕನಿಗೆ 430 ಯೂರೊಗಳವರೆಗೆ ಮಾತ್ರ ಸುಂಕ ವಿನಾಯಿತಿ. ಅದಕ್ಕೆ ಮೇಲ್ಪಟ್ಟದ್ದನ್ನು ಕೆಂಪು ದಾರಿಯಲ್ಲಿ ಹೋಗಿ ತೋರಿಸಬೇಕು. ಕೊರಳಲ್ಲಿ ಹಾಕಿಕೊಂಡ ಮಾತ್ರಕ್ಕೆ ಅದು ಹಳೆಯದಾಗುವುದಿಲ್ಲ.

ಈಗ ಇಲ್ಲಿಯವರ ರೀತಿಯನ್ನು ನೋಡೋಣ. ಡಚ್ಚರ ಮದುವೆಗೆ ಹೋದ ನಮ್ಮವರು ಕೆಲವರು, "ಊಟಕ್ಕೆ ಕರೆಯಲಿಲ್ಲ, ರಾತ್ರಿ ಎಂಟು ಗಂಟೆಗೆ ಬಾ ಎಂದರು" ಎಂದು ಬೇಸರಪಡುವುದುಂಟು. ಅದು ಅವಮಾನವಲ್ಲ. ಅವರಲ್ಲಿ ಅತಿಥಿಗಳನ್ನು ಎರಡು ಪಂಕ್ತಿ ಮಾಡುತ್ತಾರೆ. ಮದುವೆ ಮತ್ತು ಊಟ ಎರಡಕ್ಕೂ ಬರುವ ಹತ್ತಿರದವರು 'ದಾಖ್‌ಗಾಸ್ಟೆನ್', ಹಗಲಿನ ಅತಿಥಿಗಳು. ಸಂಜೆಯ ಸಂತೋಷಕೂಟಕ್ಕೆ ಮಾತ್ರ ಬರುವವರು 'ಆವೊಂಡ್‌ಗಾಸ್ಟೆನ್'. ಇದು ಆಮಂತ್ರಣದಲ್ಲೇ ಸ್ಪಷ್ಟವಾಗಿ ಇರುತ್ತದೆ, ಯಾರೂ ಮುನಿಯುವುದಿಲ್ಲ. ಕೆಲವು ಆಮಂತ್ರಣಗಳ ಮೂಲೆಯಲ್ಲಿ ಒಂದು ಲಕೋಟೆಯ ಚಿತ್ರವಿರುತ್ತದೆ. ಉಡುಗೊರೆಯ ಬದಲು ಹಣ ಕೊಟ್ಟರೆ ಸಂತೋಷ ಎಂದು ಅದರ ಅರ್ಥ. ನಮ್ಮ ಹಳ್ಳಿಗಳ ಮುಯ್ಯಿಗೂ ಇದಕ್ಕೂ ದೂರವೇನಿಲ್ಲ. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟುಕೊಂಡು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುತ್ತಿದ್ದರು. ಊರೇ ಸೇರಿ ಒಂದು ಮನೆಯ ಖರ್ಚನ್ನು ಹೊತ್ತುಕೊಳ್ಳುವ ವ್ಯವಸ್ಥೆ ಅದು. ಪತ್ರಿಕೆಯ ಮೇಲೆ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿ, ಮುಯ್ಯಿಯ ಕಾಲದ ಜನಸಂಖ್ಯೆಯನ್ನೇ ಈಗಲೂ ಕರೆಯುವುದು ವಿಚಿತ್ರ.

ಇಷ್ಟು ಬಿಗಿ ಏಕೆ, ಮದುವೆ ಒಂದೇ ಸಲ ತಾನೆ ಎಂದು ಕೇಳುವವರಿದ್ದಾರೆ. ಉತ್ತರ ಮನೆಯಲ್ಲಿದೆ. ಇಲ್ಲಿ 2018ರಿಂದ ಮನೆಯ ಬೆಲೆಗಿಂತ ಹೆಚ್ಚು ಗೃಹಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ನೋಟರಿ, ಬೆಲೆ ಕಟ್ಟುವವರು, ಸಲಹೆಗಾರರು, ಅನ್ವಯಿಸಿದರೆ ವರ್ಗಾವಣೆ ತೆರಿಗೆ, ಇವೆಲ್ಲ ಕೈಯಿಂದಲೇ ಕೊಡಬೇಕು. ಮದುವೆಗೆಂದು ವೈಯಕ್ತಿಕ ಸಾಲ ಮಾಡಿದರೆ ಅದು ಟೀಲ್ ಊರಿನಲ್ಲಿರುವ ಬಿ.ಕೆ.ಆರ್. ಸಂಸ್ಥೆಯ ದಾಖಲೆಗೆ ಸೇರುತ್ತದೆ, ಸಿಗಬಹುದಾದ ಗೃಹಸಾಲ ಅದರಿಂದ ಕಡಿಮೆಯಾಗುತ್ತದೆ. ಎರಡು ದಿನದ ಸಂಭ್ರಮ ಹೊಸ ಜೋಡಿಯನ್ನು ಬಾಡಿಗೆ ಮನೆಯಲ್ಲಿ ಇನ್ನೂ ಕೆಲವು ವರ್ಷ ಕೂರಿಸಿತೆಂದರೆ, ಆ ಬಾಡಿಗೆಯೂ ಮದುವೆಯ ಖರ್ಚೇ. ತಂದೆತಾಯಿಯರು ಇಲ್ಲೇ ಇದ್ದು ಮಕ್ಕಳಿಗೆ ಹಣ ಕೊಡುವುದಾದರೆ ದಾನತೆರಿಗೆಯ ಮಿತಿಯನ್ನೂ ನೋಡಿಕೊಳ್ಳಬೇಕು. 2025ರಲ್ಲಿ ವರ್ಷಕ್ಕೆ 6,713 ಯೂರೊಗಳವರೆಗೆ ತೆರಿಗೆಯಿಲ್ಲ.

ಲೆಕ್ಕ ಹಾಕುವುದು ಸುಲಭ, ಅದಕ್ಕೆ ಅಂಟಿಕೊಳ್ಳುವುದೇ ಕಷ್ಟ. ಒಂದೇ ವಹಿ ಇರಲಿ, ಅದು ಒಬ್ಬರ ಕೈಯಲ್ಲಿ ಇರಲಿ. ಆ ಒಬ್ಬರು ಮದುಮಗಳ ತಂದೆಯಾಗಬಾರದು. ಅವರಿಗೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಸೋದರಮಾವನೋ ಚಿಕ್ಕಮ್ಮನೋ ಆದರೆ ಒಳ್ಳೆಯದು. ಡಚ್ಚರಲ್ಲಿ ಈ ಕೆಲಸಕ್ಕೆ 'ಸೆರೆಮೋನಿಮೇಸ್ಟರ್' ಎಂದು ಗೆಳೆಯರಲ್ಲೊಬ್ಬರನ್ನು ನೇಮಿಸುತ್ತಾರೆ. ಬೀಗರ ಕಡೆಯವರೊಡನೆ ಎಲೆಗಳ ಸಂಖ್ಯೆಯನ್ನು ನಿಶ್ಚಿತಾರ್ಥದ ದಿನವೇ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಆಮೇಲೆ ಯಾರು ಹೆಚ್ಚಿಸಿದರೂ ಹೆಚ್ಚಿನ ಎಲೆಯ ಹಣ ಅವರದೇ. ಹೀಗೆ ಮಾತಾಡುವುದು ಒರಟೆನ್ನಿಸೀತು. ಆದರೆ ಲಗ್ನದ ದಿನ ಪಂಕ್ತಿಯಲ್ಲಿ ಜನ ನಿಂತಿರುವಾಗ ಅಡಿಗೆಮನೆಯ ಬಾಗಿಲಲ್ಲಿ ಮಾತಾಡುವುದಕ್ಕಿಂತ ಇದು ಮೃದು. ಖರ್ಚಿನ ಜೊತೆ ವರದಕ್ಷಿಣೆಯ ಮಾತು ಬಂದರೆ, 1961ರ ಕಾನೂನಿನ ಪ್ರಕಾರ ಕೇಳುವುದೂ ಕೊಡುವುದೂ ಎರಡೂ ಅಪರಾಧ ಎಂದು ತಿಳಿಸಿ ಎದ್ದು ಬರಬೇಕು. ಅದಕ್ಕೆ ವಹಿಯಲ್ಲಿ ಜಾಗವಿಲ್ಲ.

ಸರಳ ಮದುವೆ ನಮಗೆ ಹೊಸದೂ ಅಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯದ ಕಲ್ಪನೆ ಕೊಟ್ಟು, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಉಚಿತ ಸಾಮೂಹಿಕ ವಿವಾಹಗಳನ್ನು ಆರಂಭಿಸಿದರು. ಇಲ್ಲಿಯೂ ಅಂಥ ದಾರಿಯಿದೆ. 1879ರ ಕಾನೂನಿನ ಪ್ರಕಾರ ಹತ್ತು ಸಾವಿರಕ್ಕಿಂತ ಹೆಚ್ಚು ಜನವಿರುವ ಪುರಸಭೆಗಳು ವಾರಕ್ಕೆ ಎರಡು ಹೊತ್ತು ಮದುವೆಯನ್ನು ಶುಲ್ಕವಿಲ್ಲದೆ ನಡೆಸಿಕೊಡಬೇಕು. ಅದು ಸಾಮಾನ್ಯವಾಗಿ ವಾರದ ಮೊದಲ ದಿನಗಳ ಬೆಳಿಗ್ಗೆ, ಆಡಂಬರವಿಲ್ಲದ ಕೆಲವು ನಿಮಿಷಗಳ ಕಾರ್ಯ. ಬಾಡ್‌ಹೂವೆಡಾರ್ಪ್ ನಿವಾಸಿಗಳು ಇದಕ್ಕೆ ಹಾರ್ಲೆಮ್ಮರ್ಮೇರ್ ಪುರಸಭೆಯನ್ನು ವಿಚಾರಿಸಬೇಕು. ಎರಡು ವಾರ ಮೊದಲೇ ತಿಳುವಳಿಕೆ ಕೊಡಬೇಕು, ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಬೇಕು. ಇಲ್ಲಿ ಪುರೋಹಿತರನ್ನು ಕರೆಸಿ ಧಾರೆ ಎರೆಸುವುದಾದರೆ ಪುರಸಭೆಯ ಮದುವೆ ಮೊದಲು ಮುಗಿದಿರಬೇಕೆಂಬುದೂ ಕಾನೂನೇ.

ಊರಿನಲ್ಲೇ ಆಗಬೇಕೆನ್ನುವವರಿಗೆ ದಿನ ಗೊತ್ತು ಮಾಡುವುದೇ ದೊಡ್ಡ ತಲೆನೋವು. ಬೇಸಿಗೆ ರಜೆಯ ಮೊದಲ ಭಾಗವನ್ನು ಆಷಾಢ ತಿನ್ನುತ್ತದೆ, ಕ್ರಿಸ್‌ಮಸ್ ರಜೆಯನ್ನು ಧನುರ್ಮಾಸ. ಉಳಿಯುವುದು ಶ್ರಾವಣದ ಕೆಲವು ವಾರ, ಇಲ್ಲವೆ ಏಪ್ರಿಲ್ ಕೊನೆಯ ಮೇ ರಜೆ. ಅದೋ ಊರಿನಲ್ಲಿ ಮದುವೆಗಳ ಸುಗ್ಗಿ, ಛತ್ರಗಳ ಬಾಡಿಗೆ ಮುಗಿಲಿನಲ್ಲಿ. ಶಾಲೆಯಿರುವಾಗ ಮಕ್ಕಳನ್ನು ಕರೆದೊಯ್ಯಲು ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಹತ್ತಿರದ ಬಂಧುವಿನ ಮದುವೆಯಾದರೂ ಸಿಗುವುದು ಕೆಲವೇ ದಿನ. ಆದ್ದರಿಂದ ವಿಮಾನದ ಟಿಕೆಟ್ಟನ್ನು ವಹಿಯ ಮೊದಲ ಸಾಲಿನಲ್ಲಿ ಬರೆಯಿರಿ. ಕೊನೆಯ ಸಾಲಿನಲ್ಲಿ ಕಾಗದಪತ್ರ: ಕರ್ನಾಟಕದಲ್ಲಿ ನೋಂದಾಯಿಸಿದ ವಿವಾಹದ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮೊಹರು ಹಾಕಿಸದೆ ಇಲ್ಲಿಗೆ ಮರಳಬೇಡಿ. ಭಾರತ 2005ರಲ್ಲಿ ಆ ಹೇಗ್ ಒಪ್ಪಂದಕ್ಕೆ ಸೇರಿದ ಮೇಲೆ ರಾಯಭಾರ ಕಚೇರಿಗಳ ಅಲೆದಾಟ ತಪ್ಪಿದೆ.

ಇತ್ತೀಚೆಗೆ ಮದುವೆ ಮಾಡಿದ ಸದಸ್ಯರು, ಅಲ್ಲಿ ಮಾಡಿರಲಿ ಇಲ್ಲಿ ಮಾಡಿರಲಿ, ತಮ್ಮ ವಹಿಯ ಒಂದು ಪುಟವನ್ನು ಸಂಪಾದಕರಿಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹೆಸರಿಲ್ಲದೆ ಅಚ್ಚು ಹಾಕುತ್ತೇವೆ. ಅಂದಾಜು ಎಷ್ಟಿತ್ತು, ಆದದ್ದೆಷ್ಟು, ಎಲೆಗಳೆಷ್ಟು, ಈ ಮೂರು ಅಂಕಿ ಇದ್ದರೆ ಸಾಕು.