ಅಂಗಳದಾಗ ಎಂಜಿನ್ ಇಳಿಸೋದು: ಮಾರುತಿ 800 ಹೇಳಿಕೊಟ್ಟ ಥರ್ಮೋಡೈನಾಮಿಕ್ಸ್

ಕಾರಿನ ಎಂಜಿನ್ ಮನೆಯಲ್ಲೇ ಇಳಿಸಿ ರಿಪೇರಿ ಮಾಡಬಹುದಾ? ಮಾಡಬಹುದು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ನಿಜವಾಗಲೂ ಇಳಿಸಲೇಬೇಕಾ? ಈ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತೆ.

ನಮ್ಮ ಉದಾಹರಣೆ ಯಾದಗಿರಿ ಹತ್ತಿರದ ಮುದನಾಳದ್ದು. ಅಲ್ಲಿ ನಮ್ಮ ಕಾಕಾನ ಹತ್ತಿರ 2004ರ ಮಾರುತಿ 800 ಇದೆ. ರಾತ್ರಿ ಓಣಿಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಯಾದಗಿರಿ ಆಸ್ಪತ್ರೆಗೆ ಹೋಗೋದು ಇದೇ ಕಾರು. ಬೇಸಿಗೆಯಲ್ಲಿ ಅದು ಕಾದು ಕಾದು ಪವರ್ ಕಳೆದುಕೊಂಡಿತು, ನೀಲಿ ಹೊಗೆ ಬಿಡೋಕೆ ಶುರು ಮಾಡಿತು. "ಗುಜರಿಗೆ ಹಾಕ್ರಿ" ಅಂದವರೇ ಜಾಸ್ತಿ. ಕಾಕಾ ಮಾತ್ರ, "ಮೊದ್ಲು ಏನ್ ಕೆಟ್ಟದ ನೋಡೂನು, ಆಮ್ಯಾಲ ಗುಜರಿ ಮಾತು" ಅಂದರು.

ಮಾರುತಿ 800 ಮೊದಲು ರಸ್ತೆಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ, ಉತ್ಪಾದನೆ ನಿಂತಿದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರ್, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಕ್ಯಾಲ್ಕುಲೇಟರ್ ತಗೊಂಡು ಸಿಲಿಂಡರಿನ ಗಾತ್ರದ ಸೂತ್ರ ಹಾಕಿ, ಮೂರರಿಂದ ಗುಣಿಸಿ. 796 ಸಿಸಿ ಬರುತ್ತೆ. ಹೆಸರಿನಲ್ಲಿರೋ 800 ಬಂದಿದ್ದು ಇಲ್ಲಿಂದಲೇ.

ಇದು ಕಾದಿದ್ದು ಯಾಕೆ? ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಬಕೆಟ್ಟಿನ ಅಂಚಿಗೆ, ವಾಟರ್ ಹೀಟರ್ ಕಾಯಿಲ್‌ಗೆ ಬಿಳಿ ಪದರ ಕಟ್ಟೋದನ್ನ ಎಲ್ಲರೂ ನೋಡಿದ್ದೀರಿ. ಅದೇ ನೀರನ್ನ ರೇಡಿಯೇಟರ್‌ಗೆ ಹಾಕಿದರೆ ಅದೇ ಪದರ ಎಂಜಿನ್ ಒಳಗೂ ಕಟ್ಟುತ್ತೆ. ಅಲ್ಯೂಮಿನಿಯಂನ ಉಷ್ಣವಾಹಕತೆ ಸುಮಾರು 200 ಇದ್ದರೆ ಈ ಸುಣ್ಣದ ಪದರದ್ದು ಎರಡರ ಆಸುಪಾಸು, ಅಂದರೆ ನೂರು ಪಟ್ಟು ಕಡಿಮೆ. ನೀರು ತುಂಬಿದ್ದರೂ ಶಾಖ ನೀರಿಗೆ ಸೇರಲ್ಲ.

ಆಮೇಲೆ ಏನಾಗುತ್ತೆ? ಅಲ್ಯೂಮಿನಿಯಂ ಒಂದು ಡಿಗ್ರಿಗೆ ಒಂದು ಮೀಟರ್‌ಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ. ಸಿಲಿಂಡರ್ ಹೆಡ್ 30 ಸೆಂ.ಮೀ. ಉದ್ದ ಅಂತ ಇಟ್ಟುಕೊಳ್ಳಿ. 50 ಡಿಗ್ರಿ ಹೆಚ್ಚು ಕಾದರೆ ಅದು 0.35 ಮಿ.ಮೀ.ನಷ್ಟು ಹಿಗ್ಗಬೇಕು. ಆದರೆ ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿವೆ. ಹಿಗ್ಗೋಕೆ ಜಾಗ ಇಲ್ಲದೆ ಹೆಡ್ ಸೊಟ್ಟಗಾಗುತ್ತೆ, ಕೆಳಗಿನ ಗ್ಯಾಸ್ಕೆಟ್ ಸೋರುತ್ತೆ. ಇನ್ನೂ ಹಂಗೇ ಓಡಿಸಿದರೆ ಪಿಸ್ಟನ್ ಹಿಗ್ಗಿ, ಆಯಿಲ್ ಪದರ ಹರಿದು, ಸಿಲಿಂಡರ್ ಗೋಡೆ ಗೀರುತ್ತೆ.

ಇಳಿಸೋ ಮುಂಚೆ ಪರೀಕ್ಷೆ

ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆ, ರೇಡಿಯೇಟರ್‌ನಲ್ಲಿ ನಿಲ್ಲದೆ ಬರೋ ಗುಳ್ಳೆ, ಕಾದ ಮೇಲೂ ಬಿಳಿ ಹೊಗೆ: ಇವು ಇದ್ದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಇದಕ್ಕೆ ಎಂಜಿನ್ ಇಳಿಸೋದೇ ಬೇಡ, ಹೆಡ್ ಮಾತ್ರ ಬಿಚ್ಚಿದರೆ ಸಾಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕೆಳಗಿನಿಂದ ಟಕ್ ಟಕ್ ಶಬ್ದ ಬಂದು ಆಯಿಲ್ ಪ್ರೆಶರ್ ಕಡಿಮೆ ಇದ್ದರೆ ಬೇರಿಂಗ್ ನೋಡಬೇಕು.

ಖಚಿತ ಆಗೋದು ಕಂಪ್ರೆಶನ್ ಗೇಜ್‌ನಿಂದ. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿಗೆ ಗೇಜ್ ಹಾಕಿ, ಒಂದೊಂದು ಸಿಲಿಂಡರ್ ಅಳೆಯೋದು. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ರೀಡಿಂಗ್ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಯಾಕಂದರೆ ಆಯಿಲ್ ಆ ಸಂದಿಯನ್ನ ಸ್ವಲ್ಪ ಹೊತ್ತು ಮುಚ್ಚುತ್ತೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಹೆಚ್ಚು. ಕಾಕಾನ ಕಾರಿನಲ್ಲಿ ಎರಡನೇ ಸಿಲಿಂಡರ್ ಕಡಿಮೆ ತೋರಿಸಿತು, ಆಯಿಲ್ ಹಾಕಿದಾಗ ಏರಿತು. ಹಾಗಾಗಿ ಇಳಿಸಲೇಬೇಕಾಯಿತು.

ಇಳಿಸುವ ಕ್ರಮ

ಮೊದಲು ನೆಲ. ಎರಿ ಮಣ್ಣಿನ ಮೇಲೆ ಜ್ಯಾಕ್ ಇಟ್ಟರೆ ಕುಸಿಯುತ್ತೆ. ಶಹಾಬಾದ್ ಪರ್ಸಿ ಒಂದೇ ಹಾಕಿದರೂ ಸಾಲಲ್ಲ, ಅಡಿಯಲ್ಲಿ ಪೊಳ್ಳಿದ್ದರೆ ಪಟ್ ಅಂತ ಒಡೆಯುತ್ತೆ. ನೆಲ ಸಮ ಮಾಡಿ ದಪ್ಪ ಹಲಗೆ ಹಾಸಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಕಾರಿನ ಕೆಳಗೆ ಹೋಗೋದಾದರೆ ಜ್ಯಾಕ್ ನಂಬಬಾರದು, ಸ್ಟ್ಯಾಂಡ್ ಇರಲೇಬೇಕು.

ಎರಡನೇದು, ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೆಯಬೇಕು. ಬಾಡಿ ಪೂರ್ತಿ ನೆಗೆಟಿವ್‌ಗೆ ಸೇರಿದೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಆದರೆ ಇದು ಎಂಪಿಎಫ್‌ಐ ಎಂಜಿನ್, ಪೆಟ್ರೋಲ್ ಪೈಪಿನಲ್ಲಿ ಒತ್ತಡ ಉಳಿದಿರುತ್ತೆ. ಅದಕ್ಕೇ ಬ್ಯಾಟರಿ ಬಿಚ್ಚೋ ಮುಂಚೆನೇ ಪಂಪಿನ ಫ್ಯೂಸ್ ತೆಗೆದು, ತಾನಾಗೇ ಆಫ್ ಆಗೋವರೆಗೂ ಎಂಜಿನ್ ಓಡಿಸಬೇಕು. ಪೈಪ್ ಬಿಚ್ಚುವಾಗ ಸುತ್ತಮುತ್ತ ಬೀಡಿ, ಒಲೆ ಏನೂ ಇರಬಾರದು.

ಮೂರನೇದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು, ಆಯಿಲ್ ಇಳಿಸೋದು. ಪ್ರತಿ ವೈರ್, ಪ್ರತಿ ಪೈಪಿಗೆ ಟೇಪ್ ಸುತ್ತಿ ನಂಬರ್ ಬರೆದು, ಫೋಟೋ ತೆಗೆದಿಡಿ. ಕಾಕಾ ಹೇಳೋ ಹಂಗೆ, "ಬಿಚ್ಚೋದು ಒಂದ್ ದಿನದ ಕೆಲ್ಸ, ಕೂಡ್ಸೋದು ನಾಕ್ ದಿನದ್ದು."

ನಾಲ್ಕನೇದು ಎತ್ತೋದು. ಗೇರ್‌ಬಾಕ್ಸ್ ಸಮೇತ ನೂರು ಕೆಜಿ ಅಂತ ಲೆಕ್ಕ ಹಿಡಿಯಿರಿ. ಬೇವಿನ ಗಿಡದ ಕೊಂಬೆಗೆ ಹಗ್ಗ ಕಟ್ಟಿ ಎಳೆಯೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಬೇಡ. ಕೊಂಬೆಯ ಒಳಗೆ ಹುಳ ಎಷ್ಟು ತಿಂದಿದೆ ಅಂತ ಹೊರಗಿನಿಂದ ಕಾಣಲ್ಲ. ಹಳ್ಳಿಯಲ್ಲಿ ಇದಕ್ಕಿಂತ ಒಳ್ಳೇದು ಈಗಾಗಲೇ ಇದೆ: ಬೋರ್‌ವೆಲ್ ಮೋಟಾರ್ ಎತ್ತೋ ಮೂರು ಕಾಲಿನ ಸ್ಟ್ಯಾಂಡ್, ಚೈನ್ ಪುಲ್ಲಿ. ಕಾಲುಗಳು ಜಾರದಂತೆ ಬುಡದಲ್ಲಿ ಚೈನ್ ಕಟ್ಟಿಕೊಂಡರೆ ಆಯಿತು. ಎಂಜಿನ್ ಗಾಳಿಯಲ್ಲಿ ತೂಗುವಾಗ ಅದರ ಕೆಳಗೆ ಯಾರ ಕೈಯೂ, ಕಾಲೂ ಇರಬಾರದು. ಚಿಕ್ಕ ಮಕ್ಕಳನ್ನ ಅಂಗಳದಿಂದಲೇ ಕಳಿಸಿಬಿಡಿ.

ಮನೆ ಕೆಲಸ ಎಲ್ಲಿಯವರೆಗೆ?

ಬಿಚ್ಚೋದು, ತೊಳೆಯೋದು, ಅಳೆಯೋದು, ಕೂಡಿಸೋದು ಮನೆಯಲ್ಲಿ ಆಗುತ್ತೆ. ಬೋರಿಂಗ್, ಹೆಡ್ ಫೇಸಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಷೀನ್ ಶಾಪಿನ ಕೆಲಸ. ಹೆಡ್ ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ.ಗಿಂತ ಹೆಚ್ಚು ಸಂದಿ ಇದ್ದರೆ ಫೇಸಿಂಗ್ ಬೇಕು. ನಮ್ಮ ಅಸೈನ್‌ಮೆಂಟ್ ಹಾಳೆಯ ದಪ್ಪದ ಅರ್ಧ ಅಷ್ಟೇ!

ಒಂದು ಸಿಲಿಂಡರ್ ಗೀರಿದ್ದರೂ ಮೂರನ್ನೂ ಒಂದೇ ಅಳತೆಗೆ ಬೋರ್ ಮಾಡಿಸಬೇಕು, ಇಲ್ಲದಿದ್ದರೆ ಎಂಜಿನ್ ಬ್ಯಾಲೆನ್ಸ್ ತಪ್ಪುತ್ತೆ. 0.5 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ ಬೋರ್ 69 ಮಿ.ಮೀ., ಸಾಮರ್ಥ್ಯ ಸುಮಾರು 808 ಸಿಸಿ. ಆಗ ಹೆಸರಿಗಿಂತ ಎಂಟು ಸಿಸಿ ಜಾಸ್ತಿ!

ಕೂಡಿಸುವಾಗ ಹೆಡ್ ಬೋಲ್ಟ್‌ಗಳನ್ನ ನಡುವಿನಿಂದ ಹೊರಗೆ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಬಿಚ್ಚುವಾಗ ಉಲ್ಟಾ, ಹೊರಗಿನಿಂದ ಒಳಗೆ. ಟೈಮಿಂಗ್ ಬೆಲ್ಟ್ ಹೊಸದೇ ಹಾಕಿ. ಹಳೇ ಆಯಿಲನ್ನ ಮಣ್ಣಿಗೆ ಸುರಿಯಬೇಡಿ, ಕುಡಿಯೋ ನೀರು ಬರೋದು ಅದೇ ಮಣ್ಣಿನ ಕೆಳಗಿಂದ. ಕ್ಯಾನಿನಲ್ಲಿ ತುಂಬಿ ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ.

ಕಾಗದದ ಕೆಲಸವೂ ಇದೆ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಬೇರೆ ಎಂಜಿನ್ ತಂದು ಕೂರಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಹಾಕಿಸಬೇಕು. ಇರೋದನ್ನೇ ರಿಪೇರಿ ಮಾಡಿದರೆ ಹಳೇ ನಂಬರೇ ಉಳಿಯುತ್ತೆ.

ಕೊನೆಗೆ, ರಿಪೇರಿಗಿಂತ ಅಗ್ಗದ ಮದ್ದು: ರೇಡಿಯೇಟರ್‌ಗೆ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್, ಕೂಲಂಟ್. ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಕಾರಿನ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಹಾಂ, ಎಂಜಿನ್ ತಣ್ಣಗಿದ್ದಾಗ ಮಾತ್ರ! ಒಳಗೆ ಬಿಳಿ ಪದರ ಕಂಡರೆ ಅವತ್ತೇ ತೊಳೆಸಿ.