ಕೊಬ್ಬರಿ ಅಟ್ಟ, ಪುಸ್ತಕದ ಅಟ್ಟ

ನೊಣವಿನಕೆರೆ ಸುತ್ತಿನ ತೋಟದ ಮನೆಗಳಲ್ಲಿ ಅಟ್ಟವೆಂದರೆ ಹಳೆಯ ಸಾಮಾನು ತುಂಬುವ ಜಾಗವಲ್ಲ. ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಲ್ಲಿ ಹರಡಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು. ಅಲುಗಾಡಿಸಿದರೆ ಒಳಗೆ ಗಿಟುಕು ಉರುಳಿದ ಸದ್ದು ಬಂದ ಮೇಲೆಯೇ ಸುಲಿದು, ಒಡೆದು ತಿಪಟೂರು ಮಾರುಕಟ್ಟೆಗೆ ಸಾಗಿಸುವುದು.

ಈಗ ಕೆಲವು ಮನೆಗಳಲ್ಲಿ ಅದೇ ಅಟ್ಟಕ್ಕೆ ಪುಸ್ತಕದ ಕಟ್ಟುಗಳೂ ಏರುತ್ತವೆ. ಮನೆಯ ಮಗನೋ ಮಗಳೋ ಕವನ ಬರೆದು, ಕೈಯಿಂದ ಹಣ ಹಾಕಿ, ಸಾವಿರ ಪ್ರತಿ ಅಚ್ಚು ಹಾಕಿಸಿದ್ದು. ಬಿಡುಗಡೆಯ ದಿನ ಹಾರ, ಶಾಲು, ಭಾಷಣ ಎಲ್ಲವೂ ಆಯಿತು. ಪುಸ್ತಕ ಮಾತ್ರ ಮಾರಾಟವಾಗಲಿಲ್ಲ. ಕೊಬ್ಬರಿಗಾದರೆ ಹರಾಜುಕಟ್ಟೆ ಇದೆ. ಪುಸ್ತಕಕ್ಕೆ ಕೊಳ್ಳುವವರು ಎಲ್ಲಿದ್ದಾರೆಂದು ಅಚ್ಚಿಗೆ ಮೊದಲು ಯಾರೂ ಕೇಳಿರುವುದಿಲ್ಲ.

ಆ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಅವರು ಮನೋಹರ ಗ್ರಂಥಮಾಲೆ ಆರಂಭಿಸಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ವರ್ಷದ ಪುಸ್ತಕಗಳಿಗೆ ಓದುಗರು ಮೊದಲೇ ಗೊತ್ತಾಗಿರುತ್ತಿದ್ದರು. ಹೆಸರಿಲ್ಲದ ಹೊಸಬನ ಕೃತಿಯೂ ಅವರ ಮನೆ ತಲುಪುತ್ತಿತ್ತು. ವಿಶೇಷವೆಂದರೆ ಸುಭಾಷ್ ರಸ್ತೆಯಲ್ಲಿದ್ದ ಗ್ರಂಥಮಾಲೆಯ ಕಚೇರಿಗೂ ಸಾಹಿತಿಗಳು ಕರೆಯುತ್ತಿದ್ದ ಹೆಸರು 'ಅಟ್ಟ'! ಅಲ್ಲಿ ಹರಟೆ ನಡೆಯುತ್ತಿತ್ತು, ಜಗಳವೂ ನಡೆಯುತ್ತಿತ್ತು. ಹಸ್ತಪ್ರತಿ ಓದಿ ನಿಷ್ಠುರವಾಗಿ ಹೇಳಲು ಕೀರ್ತಿನಾಥ ಕುರ್ತಕೋಟಿಯಂಥವರಿದ್ದರು.

ಗಿರೀಶ ಕಾರ್ನಾಡರು ಈ ಅಟ್ಟದ ಹುಡುಗ. ಇಂಗ್ಲಿಷ್ ಕವಿಯಾಗಬೇಕೆಂಬ ಆಸೆ ಹೊತ್ತು ಆಕ್ಸ್‌ಫರ್ಡ್‌ಗೆ ಹೊರಟು ನಿಂತಿದ್ದವರಿಗೆ ಆ ಗಡಿಬಿಡಿಯಲ್ಲಿ ಹುಟ್ಟಿದ್ದು ನಾಟಕ, ಅದೂ ಕನ್ನಡದಲ್ಲಿ. ತಮಗೇ ಅಚ್ಚರಿಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. 'ಯಯಾತಿ' 1961ರಲ್ಲಿ ಗ್ರಂಥಮಾಲೆಯಿಂದ ಹೊರಬಂದಾಗ ಅವರಿಗೆ 23. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದ ಅನಂತಮೂರ್ತಿಯವರು ಬರೆದ 'ಸಂಸ್ಕಾರ'ವೂ 1965ರಲ್ಲಿ ಇಲ್ಲಿಂದಲೇ ಬಂತು.

ಎಲ್ಲರಿಗೂ ಧಾರವಾಡ ಸಿಗಬೇಕಲ್ಲ? ಎಂ.ಕೆ. ಇಂದಿರಾ ಅವರಿಗೆ ಸಿಗಲಿಲ್ಲ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹನ್ನೆರಡಕ್ಕೇ ಮದುವೆ. ಅಲ್ಲಿಗೆ ಶಾಲೆ ಮುಗಿಯಿತು. ಮಂಡ್ಯದಲ್ಲಿ ಕಾದಂಬರಿಕಾರ್ತಿ ತ್ರಿವೇಣಿಯವರ ಒಡನಾಟ ದೊರೆತದ್ದೇ ಅವರ ಪಾಲಿನ ಅಟ್ಟ. 'ತುಂಗಭದ್ರ' 1963ರಲ್ಲಿ ಪ್ರಕಟವಾದಾಗ ಅವರಿಗೆ 46 ವರ್ಷ. ಬಾಲವಿಧವೆಯೊಬ್ಬರ ಬದುಕನ್ನು ಹೇಳುವ 'ಫಣಿಯಮ್ಮ' ಬಂದದ್ದು 1976ರಲ್ಲಿ. ಚಿಕ್ಕಂದಿನಲ್ಲಿ ಮನೆಯೊಳಗೆ ಕೇಳಿದ ಕಥೆ ಅಷ್ಟು ಕಾಲ ಒಳಗೇ ಒಣಗುತ್ತಿತ್ತು. ಸ್ಫೂರ್ತಿ ಬರಲಿಲ್ಲವೆಂದು ಇಪ್ಪತ್ತೆರಡಕ್ಕೇ ಕೈಚೆಲ್ಲುವವರು ಈ ಲೆಕ್ಕವನ್ನೊಮ್ಮೆ ನೋಡಬಹುದು.

ಹಾಗಾದರೆ ನೊಣವಿನಕೆರೆಯಲ್ಲಿ ಕೂತು ಬರೆಯುವವರು ಇಂದು ಏನು ಮಾಡಬಹುದು? ಬಿಡಿ ಕಥೆ, ಕವನಗಳನ್ನು ಮೊದಲು ಪತ್ರಿಕೆಗಳಿಗೆ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಿಗೆ ಕಳಿಸುವುದು ಹಳೆಯ ದಾರಿ, ಈಗಲೂ ಸವೆದಿಲ್ಲ. ಅಲ್ಲಿ ತೀರ್ಪು ಹೇಳುವವರು ಗೆಳೆಯರಲ್ಲ, ನೆಂಟರಲ್ಲ. ಕಥಾಸಂಕಲನವಾದರೆ, ಲೇಖಕ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ ಹೊಸ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆಗಳನ್ನು ನಡೆಸಿ, ಆಯ್ಕೆಯಾದದ್ದನ್ನು ತಾನೇ ಪ್ರಕಟಿಸುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಅರ್ಜಿ ಕರೆದ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುವುದರಿಂದ ಕಣ್ಣಿಟ್ಟಿರಬೇಕು. ಗ್ರಂಥಾಲಯ ಇಲಾಖೆಯ ಖರೀದಿ ನಂಬಿ ಸಾಲ ಮಾಡುವುದು ಬೇಡ. ಆ ಹಣ ತಡವಾಗುತ್ತದೆಂಬುದು ಅನುಭವಸ್ಥ ಪ್ರಕಾಶಕರದೇ ದೂರು.

ಹಸ್ತಪ್ರತಿ ಕಳಿಸುವ ಮುನ್ನ ಒಂದು ನಕಲು ಮನೆಯಲ್ಲಿರಲಿ. ಅದಕ್ಕೆ ಅಟ್ಟ ಸಾಕು.