ಹನಿಗೂಡಿದರೆ ಹಳ್ಳ, ಜನಗೂಡಿದರೆ ಪುಸ್ತಕ

ಬೀಸುವ ಪದ, ಕುಟ್ಟುವ ಪದ, ಸೋಬಾನೆ, ತೊಟ್ಟಿಲ ಹಾಡು. ನಿಮ್ಮ ಅತ್ತೆಯವರೋ ಪಕ್ಕದ ಮನೆಯ ಅಜ್ಜಿಯೋ ಹಾಡುವ ಇಂಥ ಹಾಡುಗಳನ್ನು ನೀವು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀರಿ ಎನ್ನಿ. ಪುಸ್ತಕ ಮಾಡಬೇಕೆಂಬ ಆಸೆ. ಪ್ರಕಾಶಕರು "ಇಂಥವು ಖರ್ಚಾಗೊಲ್ಲ ತಾಯಿ" ಎಂದರು. ಮನೆಯ ದುಡ್ಡು ಹಾಕೋಣವೆಂದರೆ ಮಗನ ಕಾಲೇಜು ಫೀಸು ಎದುರಿಗಿದೆ. ಅಜ್ಜಿಗೋ ವಯಸ್ಸಾಗುತ್ತಿದೆ. ಅವರ ಕೈಗೆ ಪುಸ್ತಕ ಕೊಡಬೇಕಾದರೆ ಏನು ಮಾಡಬೇಕು?

ನೂರು ಜನರನ್ನು ಕೇಳಬೇಕು, ಅಷ್ಟೆ. "ಅಯ್ಯೋ, ಕೈ ಚಾಚೋದೇ?" ಎನ್ನಬೇಡಿ. ಇದು ಭಿಕ್ಷೆಯಲ್ಲ, ಸಾಲವೂ ಅಲ್ಲ. ಒಂದು ಕೆಲಸ ಆಗಬೇಕೆಂದು ಬಯಸುವವರೆಲ್ಲ ಸ್ವಲ್ಪ ಸ್ವಲ್ಪ ಮುಂಗಡ ಹಾಕುವುದು. ಈಗ ಇದಕ್ಕೆ ಕ್ರೌಡ್‌ಫಂಡಿಂಗ್ ಎಂಬ ಹೆಸರು. ಹೆಸರು ಹೊಸದು, ಪದ್ಧತಿ ಹಳೆಯದು.

ಹಿಂದೆಯೂ ಹೀಗೇ ನಡೆದಿದೆ

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ನಿಮಗೆ ಗೊತ್ತು. ಅದರ ಪೀಠಕ್ಕೆ ಹಣ ಸಾಲದೆ ಕೆಲಸ ನಿಂತಾಗ, 1885ರಲ್ಲಿ ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಓದುಗರನ್ನೇ ಕೇಳಿದರು. ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಅವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದಾಗಿ ಹೇಳಿದರು. ಲಕ್ಷಕ್ಕೂ ಹೆಚ್ಚು ಜನ ಕೊಟ್ಟರು. ಹೆಚ್ಚಿನವರದು ಒಂದು ಡಾಲರಿಗಿಂತ ಕಡಿಮೆ. ಕೆಲವೇ ತಿಂಗಳಲ್ಲಿ ಲಕ್ಷ ಡಾಲರು ದಾಟಿತು.

ಅಷ್ಟು ದೂರ ಯಾಕೆ? ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ 1976ರಲ್ಲಿ ಶ್ಯಾಮ್ ಬೆನಗಲ್ ಅವರ 'ಮಂಥನ್' ಚಿತ್ರವನ್ನು ನಿರ್ಮಿಸಿದರು. ನಮ್ಮ ಗಿರೀಶ ಕಾರ್ನಾಡರು ನಟಿಸಿದ ಆ ಚಿತ್ರವನ್ನು ನೋಡಲು ರೈತರು ಲಾರಿಗಳಲ್ಲಿ ಬಂದರಂತೆ. ಬರದೆ ಇರುತ್ತಾರೆಯೇ? ಅದು ಅವರದೇ ಸಿನಿಮಾ! ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಬೆಳೆದದ್ದೂ ಚಂದಾದಾರರ ಬಲದಿಂದಲೇ. ಇತ್ತೀಚಿನದು ಬೇಕೆಂದರೆ, ಪವನ್ ಕುಮಾರ್ ಅವರ 'ಲೂಸಿಯಾ'. 2011ರಲ್ಲಿ ಅವರು ಅಂತರ್ಜಾಲದಲ್ಲಿ ತಮ್ಮ ಕಷ್ಟ ಬರೆದುಕೊಂಡರು. ಒಂದು ತಿಂಗಳೊಳಗೆ 110 ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಒದಗಿಸಿದರು. ಚಿತ್ರ 2013ರಲ್ಲಿ ತೆರೆಕಂಡಿತು.

ಇವೆಲ್ಲದರಲ್ಲೂ ಒಂದು ಗುಟ್ಟಿದೆ: ಜನ ಹಣ ಕೊಡುವುದು ಕನಸಿಗಲ್ಲ, ನಂಬಿಕೆಗೆ.

ಮೊದಲು ಲೆಕ್ಕ

ಸಂಸಾರ ತೂಗಿಸುವ ನಿಮಗೆ ಇದನ್ನು ಹೇಳಿಕೊಡಬೇಕೆ? 300 ಪ್ರತಿಗಳ ಪುಸ್ತಕ ಎಂದಿಟ್ಟುಕೊಳ್ಳಿ. ಕೆಳಗಿನ ಅಂಕಿಗಳು ರೀತಿ ತೋರಿಸಲು ಮಾತ್ರ. ನಿಜವಾದ ದರವನ್ನು ಎರಡು ಮೂರು ಮುದ್ರಣಾಲಯಗಳಲ್ಲಿ ವಿಚಾರಿಸಿ, ಬರವಣಿಗೆಯಲ್ಲಿ ಪಡೆಯಿರಿ.

ಅಚ್ಚು, ಕಾಗದ, ಬೈಂಡಿಂಗ್: 45,000
ಅಕ್ಷರ ಜೋಡಣೆ, ಮುಖಪುಟ: 10,000
ಅಂಚೆ, ಕೊರಿಯರ್: 9,000
ಕೈಮೀರಿದ ಖರ್ಚಿಗೆ: 6,000
ಹಣ ಸಂಗ್ರಹಿಸಿಕೊಡುವ ಸಂಸ್ಥೆಯ ಶುಲ್ಕ ಇತ್ಯಾದಿ: 5,000
ಒಟ್ಟು: 75,000 ರೂಪಾಯಿ

ಅಂಚೆ ಖರ್ಚನ್ನು ಮರೆತು ಕೊನೆಗೆ ಕೈಯಿಂದ ಹಾಕುವವರೇ ಹೆಚ್ಚು. ಅದನ್ನು ಮೊದಲೇ ಸೇರಿಸಿ.

ಈಗ ಇದನ್ನೇ ತಿರುಗಿಸಿ ನೋಡಿ. 300 ರೂಪಾಯಿ ಕೊಡುವವರು 100 ಜನ, 500 ಕೊಡುವವರು 40, ಸಾವಿರ ಕೊಡುವವರು 15, ಐದು ಸಾವಿರದವರು ಇಬ್ಬರು. ಅಲ್ಲಿಗೆ 75,000 ಆಯಿತು! ಬೆಟ್ಟದಂತೆ ಕಂಡದ್ದು 157 ಜನರ ಪಟ್ಟಿಯಾಯಿತು.

ಯಾರನ್ನು ಕೇಳೋದು?

ಗುರುತಿಲ್ಲದವರು ಮೊದಲು ಕೊಡುವುದಿಲ್ಲ. ಯಾರೂ ಇಲ್ಲದ ಅಂಗಡಿಗೆ ಗಿರಾಕಿ ಹತ್ತುವುದಿಲ್ಲ, ನೋಡಿ. ಆದ್ದರಿಂದ ಹತ್ತಿರದವರಿಂದ ಶುರುಮಾಡಿ: ತವರು, ಓರಗಿತ್ತಿ, ನಾದಿನಿ, ಭಜನಾ ಮಂಡಳಿ, ಸ್ವಸಹಾಯ ಸಂಘ, ಜೊತೆಗೆ ಓದಿದವರು, ಊರು ಬಿಟ್ಟು ಬೆಂಗಳೂರು ಮುಂಬಯಿ ಸೇರಿದವರು. ಗಡಿಯಾಚೆಯ ಹಣವಾದರೆ ಬೇರೆ ನಿಯಮಗಳಿವೆ. ಮೊದಲು ಬ್ಯಾಂಕಿನಲ್ಲಿ ಕೇಳಿ. ಬಹಿರಂಗವಾಗಿ ಕೇಳುವ ಮುನ್ನವೇ ಇಪ್ಪತ್ತು ಮೂವತ್ತು ಜನರ ಒಪ್ಪಿಗೆ ನಿಮ್ಮ ಕೈಲಿರಲಿ.

ವಾಟ್ಸಾಪಿನಲ್ಲಿ ಒಂದೇ ಸಂದೇಶವನ್ನು ಎಲ್ಲ ಗುಂಪಿಗೂ ತಳ್ಳಿ ಕೂತರೆ ಆಗದು. ಮದುವೆಗೆ ಮನೆಮನೆಗೆ ಹೋಗಿ ಕುಂಕುಮ ಇಟ್ಟು ಕರೆಯುತ್ತೇವಲ್ಲ, ಹಾಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿ. ಏನು ಮಾಡುತ್ತಿದ್ದೀರಿ, ಎಷ್ಟು ಬೇಕು, ಯಾವಾಗ ಮುಗಿಯುತ್ತದೆ ಎಂದು ನಾಲ್ಕು ಮಾತಿನಲ್ಲಿ ಹೇಳಿ. ಅಜ್ಜಿ ಹಾಡುವ ಎರಡು ನಿಮಿಷದ ವೀಡಿಯೊ ಇದ್ದರೆ ಮಾತೇ ಬೇಡ. ಗಡುವು ಒಂದು ತಿಂಗಳು ಸಾಕು. ಗಡುವು ಉದ್ದವಾದಷ್ಟೂ "ನಾಳೆ ಕೊಟ್ಟರಾಯಿತು" ಎನ್ನುವವರು ಹೆಚ್ಚುತ್ತಾರೆ.

ಗುರಿ ಮುಟ್ಟದಿದ್ದರೆ ಏನೆಂಬುದನ್ನೂ ಮೊದಲೇ ತಿಳಿಸಿ. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಸಂಸ್ಥೆಯ ನಿಯಮ ಹೀಗಿದೆ: ಪೂರ್ತಿ ಮೊತ್ತಕ್ಕೆ ಒಪ್ಪಿಗೆ ಬಾರದಿದ್ದರೆ ಯಾರಿಂದಲೂ ಬಿಡಿಗಾಸು ಪಡೆಯುವುದಿಲ್ಲ. ಅರ್ಧ ಹಣದಲ್ಲಿ ಅರ್ಧ ಪುಸ್ತಕ ಆಗುವುದಿಲ್ಲವಲ್ಲ!

ಕೊಟ್ಟವರಿಗೆ ಏನು?

300 ಕೊಟ್ಟವರಿಗೆ ಒಂದು ಪ್ರತಿ, ಪುಸ್ತಕದ ಕೊನೆಯಲ್ಲಿ ಹೆಸರು. ಹೆಚ್ಚು ಕೊಟ್ಟವರಿಗೆ ಹೆಚ್ಚು ಪ್ರತಿ, ಬಿಡುಗಡೆಯ ದಿನ ಮುಂದಿನ ಸಾಲು. ಸೀರೆ, ಬೆಳ್ಳಿ ಬಟ್ಟಲು ಎಂದು ಹೋದರೆ ಬಂದ ಹಣವೆಲ್ಲ ಉಡುಗೊರೆಗೇ ಸರಿಹೋದೀತು. ಹಾಡಿದ ಅಜ್ಜಿಯ ಒಪ್ಪಿಗೆ ಪಡೆಯುವುದು, ಅವರ ಹೆಸರನ್ನು ಮೊದಲ ಪುಟದಲ್ಲೇ ಹಾಕುವುದು, ಗೌರವಧನ ಕೊಡುವುದು ಮಾತ್ರ ಮರೆಯಲೇಬೇಡಿ. ಹಾಡು ಅವರದು.

ಎಚ್ಚರ, ಎಚ್ಚರ!

* "ಬಡ್ಡಿ ಸೇರಿಸಿ ಹಿಂದಿರುಗಿಸುತ್ತೇನೆ" ಎನ್ನಬೇಡಿ. ಅನುಮತಿಯಿಲ್ಲದೆ ಜನರಿಂದ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ.
* ಈ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. ಮನೆಖರ್ಚಿನೊಡನೆ ಬೆರೆಸಬೇಡಿ. ತೆರಿಗೆಯ ವಿಷಯ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.
* ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವರು ಮೋಸಗಾರರು.

ಹಣ ಬಂದ ಮೇಲೆ

ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ. ಹದಿನೈದು ದಿನಕ್ಕೊಮ್ಮೆ ಎಲ್ಲರಿಗೂ ಸುದ್ದಿ ತಿಳಿಸಿ: ಕರಡು ತಿದ್ದಿ ಆಯಿತು, ಮುಖಪುಟ ಬಂತು, ಅಚ್ಚು ಒಂದು ವಾರ ತಡ. ತಡವಾದರೆ ಜನ ಕ್ಷಮಿಸುತ್ತಾರೆ, ಮೌನವಾದರೆ ಅನುಮಾನಿಸುತ್ತಾರೆ. ಕೊನೆಗೆ ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದು ಪುಸ್ತಕದ ಜೊತೆ ಕಳಿಸಿ.

ಚೀಟಿ ನಡೆಸಿ, ಹಬ್ಬಕ್ಕೆ ಚಂದಾ ಎತ್ತಿ, ನೂರು ಜನರ ಅಡುಗೆಗೆ ಸಾಮಾನಿನ ಪಟ್ಟಿ ಬರೆದ ಕೈ ನಿಮ್ಮದು. ಇದೂ ಅದೇ ಕೆಲಸ. ಅಜ್ಜಿ ಇನ್ನೂ ಹಾಡುತ್ತಿರುವಾಗಲೇ ಪಟ್ಟಿ ಬರೆಯಲು ಕೂತುಬಿಡಿ. ಮೊದಲ ಹತ್ತು ಹೆಸರು ಈ ಸಂಜೆಯೇ ಆಗಲಿ.